ಒಂಬತ್ತು ಪುಸ್ತಕಗಳಲ್ಲಿ ಒಂದೇ ಮೌನ

ಮಂಗಳವಾರ, ಹನ್ನೊಂದನೇ ತಾರೀಖು. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸು ದಪ್ಪನೆಯ ಫೈಲೊಂದನ್ನು ಎದೆಗೆ ಅವಚಿಕೊಂಡಿದ್ದರು. ರೈಟರ್ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ದೂರು ಏನಮ್ಮ?"

"ಒಬ್ಬ ಅಂಬಿಗ ಬದುಕಿಬಿಟ್ಟಿದ್ದಾನೆ."

ಠಾಣೆಯ ಬರವಣಿಗೆಯನ್ನೆಲ್ಲ ಹೊತ್ತ ಹೆಡ್ ಕಾನ್‌ಸ್ಟೇಬಲ್‌ಗೆ ರೈಟರ್ ಎನ್ನುವುದು ವಾಡಿಕೆ. ಇಪ್ಪತ್ತೆರಡು ವರ್ಷಗಳಲ್ಲಿ ಅವರ ಪೆನ್ನು ದೂರಿನ ಮೊದಲ ಸಾಲಿಗೇ ನಿಂತದ್ದು ಇದೇ ಮೊದಲು. ಅವರು ಮೀಸೆ ಸವರಿಕೊಂಡರು. ಆ ಮೀಸೆಯನ್ನು ಠಾಣೆಯಲ್ಲಿ ಸರ್ಕಾರಿ ಆಸ್ತಿಯಂತೆ ಗೌರವದಿಂದ ನೋಡುತ್ತಿದ್ದರು.

"ಬದುಕಿದ್ರೆ ಒಳ್ಳೇದೇ ಅಲ್ವಾ? ಸತ್ತವರ ಫೈಲೇ ನಮ್ಮಲ್ಲಿ ಕಪಾಟು ತುಂಬಾ ಇದೆ."

"ಅವನು ಸಾಯಬೇಕಿತ್ತು. ಪುಸ್ತಕದಲ್ಲಿ ಹಾಗೇ ಇದೆ. ಅವನೊಬ್ಬನೇ ಅಲ್ಲ, ಒಟ್ಟು ಒಂಬತ್ತು ಜನ ಬದುಕಿದ್ದಾರೆ."

ಒಳಗಿನ ಕೋಣೆಯಿಂದ ಇನ್‌ಸ್ಪೆಕ್ಟರ್ ಕರೆದರು. ಅವರು ಪ್ರಶ್ನೆ ಕೇಳಿ ಸುಮ್ಮನಾಗಿಬಿಡುವ ಹೆಂಗಸು. ಮನೆಯಲ್ಲಿ ಇದನ್ನು ಮುನಿಸು ಎನ್ನುತ್ತಿದ್ದರು, ಇಲಾಖೆಯಲ್ಲಿ ಜಾಣತನ ಎನ್ನುತ್ತಿದ್ದರು. ಎರಡೂ ಅಲ್ಲವೆಂದು ಅವರಿಗೆ ಮಾತ್ರ ಗೊತ್ತಿತ್ತು: ಮಾತಿನ ನಡುವಿನ ಖಾಲಿ ಜಾಗ ಅವರಿಗೆ ಸುಮ್ಮನೆ ಇಷ್ಟ.

ಆ ಖಾಲಿ ಜಾಗದಲ್ಲಿ ಬಂದವರು ತಾವಾಗಿಯೇ ಎಲ್ಲ ಹೇಳಿದರು. ಆಕೆ ಕೇಳುಪುಸ್ತಕಗಳ ಗ್ರಂಥಾಲಯದ ಗ್ರಂಥಪಾಲಕಿ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ, ಧ್ವನಿಮುದ್ರಿಸಿ, ಮನೆಮನೆಗೆ ಕಳಿಸುವ ಸಂಸ್ಥೆ ಅದು. ಹೋದ ವಾರ ಒಂಬತ್ತು ಕಾದಂಬರಿಗಳ ಕೊನೆಯ ಅಧ್ಯಾಯಗಳು ಬದಲಾಗಿರುವುದು ಗೊತ್ತಾಗಿತ್ತು. ಮುಳುಗಬೇಕಾದ ಅಂಬಿಗ ದಡ ಸೇರಿದ್ದ. ಗಲ್ಲಿಗೇರಬೇಕಾದವನಿಗೆ ಕ್ಷಮಾದಾನ ಸಿಕ್ಕಿತ್ತು. ಗಂಡ ಬರಲಿಲ್ಲವೆಂದು ಬಾಗಿಲು ಮುಚ್ಚಿಕೊಂಡ ಹೆಂಗಸಿನ ಬಾಗಿಲನ್ನು ಯಾರೋ ತಟ್ಟಿದ್ದರು.

"ಯಾರ ದನಿ?" ಇನ್‌ಸ್ಪೆಕ್ಟರ್ ಕೇಳಿದರು.

"ಅದೇ ದನಿ. ಮೊದಲು ಓದಿದವರದ್ದೇ. ಆದ್ರೆ ಅವರು ಆ ಸಾಲುಗಳನ್ನ ಓದೇ ಇಲ್ಲ. ಓದೋಕೂ ಆಗಲ್ಲ, ಮೂರು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ಮಾತೇ ಹೋಗಿದೆ."

"ಅನುಮಾನ?"

ಗ್ರಂಥಪಾಲಕಿ ಫೈಲು ಕೆಳಗಿಟ್ಟರು. "ನಮ್ಮ ತಂತ್ರಜ್ಞೆ. ಕಂಪ್ಯೂಟರಲ್ಲಿ ದನಿ ಸೃಷ್ಟಿ ಮಾಡಿದ್ದಾಳೆ ಅಂತ ಆಡಳಿತ ಮಂಡಳಿ ಹೇಳ್ತಿದೆ. ನಿನ್ನೆ ಅಮಾನತು ಮಾಡಿದ್ದಾರೆ. ಶುಕ್ರವಾರ ಸಂಜೆ ನಾಲ್ಕಕ್ಕೆ ಸಭೆ, ಕೆಲಸದಿಂದ ತೆಗೆಯೋದೇ ಅಂತ ಇದ್ದಾರೆ." ತುಸು ತಡೆದು ಸೇರಿಸಿದರು, "ಬದಲಾಗಿದೆ ಅಂತ ಮೊದಲು ಬಂದು ಹೇಳಿದವಳೂ ಅವಳೇ."

ಹನ್ನೊಂದು ಐದಕ್ಕೆ ಎಫ್‌ಐಆರ್ ದಾಖಲಾಯಿತು. ಸಂಖ್ಯೆ ನೂರ ಹದಿನೆಂಟು. ಅನುಮತಿಯಿಲ್ಲದೆ ಗಣಕಯಂತ್ರದ ದಾಖಲೆ ಬದಲಿಸಿದ ಆರೋಪ. ಆರೋಪಿಯ ಹೆಸರಿನ ಕಡೆ ಪೆನ್ನು ಹೋದಾಗ ಇನ್‌ಸ್ಪೆಕ್ಟರ್ ಬೆರಳು ಅಡ್ಡ ಇಟ್ಟರು.

"ಗೊತ್ತಿಲ್ಲದ ವ್ಯಕ್ತಿ ಅಂತ ಬರೀರಿ."

ತಂತ್ರಜ್ಞೆಯನ್ನು ಕರೆಸಬೇಕಾಗಲಿಲ್ಲ. ಹನ್ನೆರಡಕ್ಕೆ ತಾನಾಗಿಯೇ ಬಂದಳು. ಇಪ್ಪತ್ತೈದರ ಹುಡುಗಿ, ಅತ್ತು ಮುಗಿಸಿ ಮುಖ ತೊಳೆದುಕೊಂಡು ಬಂದಿದ್ದಳು. ಕೈಯಲ್ಲಿ ಒಂದು ಉದ್ದನೆಯ ಪಟ್ಟಿ.

"ನಿಮಗೆ ಬದಲಾದದ್ದು ಹೇಗೆ ಗೊತ್ತಾಯ್ತು? ಕೇಳಿದಿರಾ?"

"ಇಲ್ಲ ಮೇಡಂ. ಹನ್ನೊಂದು ಸಾವಿರ ಧ್ವನಿ ತುಣುಕು ಇದೆ, ಎಲ್ಲಾ ಕೇಳೋಕೆ ನನ್ನ ಆಯಸ್ಸು ಸಾಲಲ್ಲ. ಹ್ಯಾಶ್ ನೋಡಿದೆ. ಪ್ರತಿ ತಿಂಗಳು ನೋಡ್ತೀನಿ."

ರೈಟರ್ ಬಾಗಿಲಲ್ಲೇ ನಿಂತಿದ್ದರು. "ಹಾಗಂದ್ರೆ?"

ಹುಡುಗಿ ಪಟ್ಟಿ ಬಿಡಿಸಿದಳು. ಒಂದೊಂದು ತುಣುಕಿಗೂ ಎರಡು ಗುರುತು. ಮೊದಲನೆಯದು ಪುಟ್ಟ ಸಂಖ್ಯೆ. ಎರಡನೆಯದು ಅಂಕಿಗಳೂ ಇಂಗ್ಲಿಷ್ ಅಕ್ಷರಗಳೂ ಕಲಸಿಹೋದ, ಅರ್ಥವಿಲ್ಲದ ಅರವತ್ನಾಲ್ಕು ಅಕ್ಷರಗಳ ಸಾಲು.

"ಸಂಖ್ಯೆ ಹಾಗೇ ಇದೆಯಲ್ಲಮ್ಮ," ಎಂದರು ರೈಟರ್. "ಹೆಸರೂ ಅದೇ. ಮತ್ತೆ ಬದಲಾಯ್ತು ಅಂದ್ರೆ?"

"ಸರ್, ನಿಮ್ಮ ಭುಜದ ಮೇಲಿನ ನಂಬರ್ ಎಷ್ಟು?"

"ನಾನೂರ ಏಳು."

"ಅದು ಇಲಾಖೆ ಕೊಟ್ಟಿದ್ದು. ನೀವು ದಪ್ಪಗಾದ್ರೂ ನಾನೂರ ಏಳು, ಸಣ್ಣಗಾದ್ರೂ ನಾನೂರ ಏಳು. ನಿಮ್ಮ ಯೂನಿಫಾರ್ಮ್ ಬೇರೆಯವರು ಹಾಕ್ಕೊಂಡು ನಿಂತ್ರೂ ಆ ನಂಬರ್ ಏನೂ ಹೇಳಲ್ಲ. ಹ್ಯಾಶ್ ಹಾಗಲ್ಲ. ಅದನ್ನ ಯಾರೂ ಕೊಡಲ್ಲ. ನಿಮ್ಮನ್ನ ತಲೆಯಿಂದ ಕಾಲಿನವರೆಗೆ ಲೆಕ್ಕಕ್ಕೆ ಹಾಕಿ ತೆಗೆದ ಸಾಲು ಅದು. ನಿಮ್ಮ ಮೀಸೇಲಿ ಒಂದು ಕೂದಲು ಕತ್ತರಿಸಿದ್ರೂ ಇಡೀ ಸಾಲು ಬೇರೆ ಆಗುತ್ತೆ."

ರೈಟರ್ ಕೈ ತಾನಾಗಿಯೇ ಮೀಸೆಯನ್ನು ಕಾಯಲು ಹೋಯಿತು. "ಒಂದೇ ಕೂದಲಿಗಾ?"

"ಒಂದೇ ಕೂದಲಿಗೆ. ಗುರುತೇ ಸಿಗದಷ್ಟು ಬೇರೆ."

"ಆ ಸಾಲಿಂದ ನನ್ನನ್ನ ವಾಪಸ್ ಮಾಡಬಹುದಾ?"

"ಆಗಲ್ಲ ಸರ್. ಸಾಲು ನೋಡಿ ನಿಮಗೆ ಮೀಸೆ ಇದೆ ಅಂತಲೂ ಹೇಳೋಕಾಗಲ್ಲ."

"ಅದು ಸ್ವಲ್ಪ ಅನ್ಯಾಯ," ಎಂದರು ರೈಟರ್.

ಹುಡುಗಿಗೆ ನಗು ಬಂತು. ಆ ದಿನದ ಮೊದಲ ನಗುವಿರಬೇಕು. ತಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡಳು. ಇನ್‌ಸ್ಪೆಕ್ಟರ್ ಪಟ್ಟಿಯ ಮೇಲೆ ಕೈಯಿಟ್ಟರು.

"ಈ ಪಟ್ಟಿ ಮಾಡಿದ್ದು ನೀವು. ನಾನು ಯಾಕೆ ನಂಬಬೇಕು?"

"ನಂಬಬೇಡಿ. ನಿಮ್ಮ ಕಂಪ್ಯೂಟರಲ್ಲೇ ತೆಗೀರಿ. ಅದೇ ತುಣುಕಿಗೆ ಯಾರು ತೆಗೆದ್ರೂ, ಎಲ್ಲಿ ತೆಗೆದ್ರೂ, ಅದೇ ಸಾಲು ಬರಬೇಕು. ಇದರಲ್ಲಿ ನನ್ನ ಮಾತಿಗೆ ಬೆಲೆ ಇಲ್ಲ ಮೇಡಂ, ಅದಕ್ಕೇ ನನಗೆ ಇದು ಇಷ್ಟ."

ಇನ್‌ಸ್ಪೆಕ್ಟರ್ ಹುಡುಗಿಯ ಮುಖ ನೋಡಿದರು. ಶುಕ್ರವಾರ ಸಂಜೆ ನಾಲ್ಕಕ್ಕೆ ಮುಗಿದುಹೋಗಲಿದ್ದ ಕೆಲಸದ ಬಗ್ಗೆ ಅವಳು ಒಂದು ಮಾತೂ ಎತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ ಎರಡಕ್ಕೆ ಸ್ಥಳ ಪಂಚನಾಮೆ. ಪಂಚರು ಗ್ರಂಥಾಲಯದ ಎದುರಿನ ದರ್ಜಿ ಮತ್ತು ಪಕ್ಕದ ಕನ್ನಡಕದಂಗಡಿಯವರು.

ಧ್ವನಿಮುದ್ರಣದ ಕೋಣೆ ಪುಟ್ಟದು. ಗೋಡೆಗಳಿಗೆ ಹಳೆಯ ಕಂಬಳಿ ಹೊಡೆದಿತ್ತು. ಕೀರಲು ಸದ್ದು ಬಾರದಂತೆ ಕುರ್ಚಿಯ ಕಾಲಿಗೆ ಬಟ್ಟೆ ಸುತ್ತಿತ್ತು. ಮಧ್ಯೆ ದಪ್ಪ ಗಾಜು. ಅದರಾಚೆ ಕೇಳುವವರ ಕೋಣೆ. ಓದುವವರು ಈಚೆ, ತಪ್ಪು ಹಿಡಿಯುವವರು ಆಚೆ. ಓದಿದ ಪ್ರತಿಯೊಂದನ್ನೂ ಕೇಳಿ ತಪ್ಪು ಗುರುತಿಸುವ ಆ ಕೆಲಸಕ್ಕೆ ಮೂವತ್ತು ವರ್ಷದಿಂದ ಒಬ್ಬರೇ. ಎಲ್ಲರೂ ಅವರನ್ನು ಕಿವಿಮಾಸ್ತರು ಎನ್ನುತ್ತಿದ್ದರು. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ಇನ್‌ಸ್ಪೆಕ್ಟರ್ ಒಳಗೆ ಬಂದ ಕೂಡಲೇ ಎದ್ದು ನಿಂತು ಹೇಳಿದರು:

"ನಿಮ್ಮ ಎಡಗಾಲಿನ ಬೂಟಿನ ಅಟ್ಟೆ ಬಿಡ್ತಾ ಇದೆ ಮೇಡಂ. ಇನ್ನೊಂದು ವಾರ ಬರಬಹುದು."

ಇನ್‌ಸ್ಪೆಕ್ಟರ್ ಕಾಲೆತ್ತಿ ನೋಡಿದರು. ನಿಜ.

"ಒಂದು ತುಣುಕು ಬದಲಿಸಬೇಕು ಅಂದ್ರೆ ಏನು ಮಾಡ್ತೀರಿ?"

"ಓದಿದ್ದರಲ್ಲಿ ತಪ್ಪಿದ್ರೆ ನಾನು ಚೀಟಿ ಬರೀತೀನಿ. ಓದಿದವರು ಮತ್ತೆ ಓದ್ತಾರೆ. ಹೊಸ ತುಣುಕಿಗೆ ಹಳೇ ಸಂಖ್ಯೆ ಹಾಕಿ ತಿದ್ದುಪಡಿ ಫೋಲ್ಡರಿಗೆ ಬಿಟ್ಟರೆ ಮಿಷಿನ್ ತಾನೇ ಒಯ್ದು ಜಾಗಕ್ಕೆ ಕೂರಿಸುತ್ತೆ. ಸಂಖ್ಯೆ ಸರಿ ಇದ್ರೆ ಸಾಕು, ಮಿಷಿನ್ ಒಳಗೇನಿದೆ ಅಂತ ಕೇಳಲ್ಲ."

"ಪಾಸ್‌ವರ್ಡ್?"

ಕಿವಿಮಾಸ್ತರು ಕೀಬೋರ್ಡನ್ನು ತಿರುಗಿಸಿ ಹಿಡಿದರು. ಅಡಿಯಲ್ಲಿ ಚೀಟಿ ಅಂಟಿಸಿತ್ತು. ಕೋಣೆಗೆ ಬರುವ ಆರೂ ಜನಕ್ಕೆ ಒಂದೇ ಪಾಸ್‌ವರ್ಡ್. ದರ್ಜಿ ಅದನ್ನು ಗಟ್ಟಿಯಾಗಿಯೇ ಓದಿಬಿಟ್ಟ. ರೈಟರ್ ಕೆಮ್ಮಿ ಪಂಚನಾಮೆಗೆ ಸೇರಿಸಿಕೊಂಡರು.

"ಯಾರು ಮಾಡಿರಬಹುದು ಮಾಸ್ತರೇ?"

"ಆ ಹುಡುಗಿ ಅಲ್ಲ."

"ಹೇಗೆ ಗೊತ್ತು?"

ಇನ್‌ಸ್ಪೆಕ್ಟರ್ ಕಾದರು. ಈ ಮನುಷ್ಯನ ಮೇಲೆ ಅವರ ಮೌನ ನಾಟಲಿಲ್ಲ. ಅದು ಆತನಿಗೆ ದಿನನಿತ್ಯದ ಸಾಮಾನು. ತಲೆ ಓರೆ ಮಾಡಿ ಆ ಮೌನವನ್ನೂ ಒಮ್ಮೆ ಕೇಳಿ, "ಅಲ್ಲ, ಅಷ್ಟೆ," ಎಂದರು. ಕೈ ಮಾತ್ರ ಅಂಗಿಯ ಜೇಬಿನ ಮೇಲೆ ಹೋಗಿ ಬಂತು.

ಅವರ ಮೇಜಿನ ಬದಿಯಲ್ಲಿ ಮರದ ಉದ್ದನೆಯ ಖಾನೆಯೊಂದಿತ್ತು. ತುಂಬ ಚೀಟಿಗಳು. "ತಪ್ಪುಗಳದ್ದಾ?" ಎಂದು ಇನ್‌ಸ್ಪೆಕ್ಟರ್ ಒಂದನ್ನು ಎಳೆದರು. 'ದಡ: ಪುಸ್ತಕ ಎಂಬತ್ತೆಂಟು, ಅಧ್ಯಾಯ ಮೂರು, ಹದಿನಾಲ್ಕನೇ ನಿಮಿಷ' ಎಂದಷ್ಟೇ ಇತ್ತು. ತಪ್ಪೇನೆಂದು ಬರೆದಿರಲಿಲ್ಲ. ಮಾಸ್ತರು ಬೇರೆ ಕಡೆ ನೋಡಿದರು. ಇನ್‌ಸ್ಪೆಕ್ಟರ್ ಚೀಟಿಯನ್ನು ಇದ್ದಲ್ಲೇ ಇಟ್ಟು, ಖಾನೆಗೆ ಮೊಹರು ಮಾಡಲು ಹೇಳಿದರು.

ಬಳಿಕ ರೈಟರ್ ಅವರ ಪಾಡು ಶುರುವಾಯಿತು. ಪಂಚನಾಮೆಯನ್ನು ಸ್ಥಳದಲ್ಲೇ, ಪಂಚರ ಕಣ್ಣೆದುರು, ಕೈಯಿಂದಲೇ ಬರೆಯಬೇಕೆಂಬುದು ಆ ಠಾಣೆಯ ಕಟ್ಟುನಿಟ್ಟು. ಒಂಬತ್ತು ಪುಸ್ತಕ, ಪ್ರತಿಯೊಂದರಲ್ಲೂ ಬದಲಾದದ್ದು ಎರಡು ತುಣುಕು. ಒಂದು, ಕೊನೆಯ ಅಧ್ಯಾಯ. ಇನ್ನೊಂದು, ಅದರ ಹಿಂದಿನ ಮೌನ.

"ಮೌನಕ್ಕೂ ತುಣುಕಾ?" ಎಂದರು ರೈಟರ್.

ಗ್ರಂಥಪಾಲಕಿ ವಿವರಿಸಿದರು. ಒಂದು ಅಧ್ಯಾಯ ಮುಗಿದ ಮೇಲೆ ಓದುವವರು ಐದು ಸೆಕೆಂಡು ಅಲ್ಲಾಡದೆ ಕೂರಬೇಕು, ಅದು ಇಲ್ಲಿನ ಕ್ರಮ. ಆ ಐದು ಸೆಕೆಂಡನ್ನೂ ಮುದ್ರಿಸಿ, ಸಂಖ್ಯೆ ಕೊಟ್ಟು ಇಡುತ್ತಾರೆ. ಯಂತ್ರದಲ್ಲಿ ಮಾಡಿದ ಖಾಲಿ ಕೇಳುವವರಿಗೆ ಕರೆಂಟು ಹೋದಂತೆ ಅನ್ನಿಸುತ್ತದೆ. ಮನುಷ್ಯ ಕೂತ ಖಾಲಿಯಲ್ಲಿ ಹಾಗಾಗುವುದಿಲ್ಲ.

ಹದಿನೆಂಟು ತುಣುಕು, ಹಳೆಯದೂ ಹೊಸದೂ ಸೇರಿ ಮೂವತ್ತಾರು ಸಾಲು. ಇನ್‌ಸ್ಪೆಕ್ಟರ್ ಠಾಣೆಯಿಂದ ತಂದ ಕಂಪ್ಯೂಟರಿನಲ್ಲಿ ಹೊಸ ಸಾಲುಗಳನ್ನು ತೆಗೆದರು. ಹಳೆಯವು ಹುಡುಗಿಯ ಪಟ್ಟಿಯಲ್ಲಿದ್ದವು. ಕನ್ನಡಕದಂಗಡಿಯವರು ಒಂದೊಂದೇ ಅಕ್ಷರ ಓದಿ ಹೇಳಿದರು. ರೈಟರ್ ಬರೆದರು.

"ಎರಡು ಸಾವಿರದ ಮುನ್ನೂರ ನಾಲ್ಕು ಅಕ್ಷರ ಮೇಡಂ," ಎಂದರು ಬೆರಳು ಮಡಚಿ ಬಿಡಿಸುತ್ತ. "ಒಂದಕ್ಕೂ ಅರ್ಥ ಇಲ್ಲ. ನನ್ನ ಮದುವೇಲಿ ನಮ್ಮತ್ತೆ ಮಾಡಿದ ಭಾಷಣ ಕೂಡ ಇಷ್ಟು ಕಷ್ಟ ಆಗಿರಲಿಲ್ಲ."

ನಾಲ್ಕು ಹತ್ತಕ್ಕೆ ಅವರ ಪೆನ್ನು ನಿಂತಿತು.

"ಮುಂದೆ ಹೇಳ್ಲಾ? ಏಳು, ಸಿ, ನಾಲ್ಕು, ಇ, ಸೊನ್ನೆ, ಸೊನ್ನೆ..."

"ನೀವು ಹೇಳಬೇಡಿ, ನಾನು ಹೇಳ್ತೀನಿ," ಎಂದರು ರೈಟರ್. ಕಣ್ಣು ಮುಚ್ಚಿದರು. "ಬಿ, ಒಂಬತ್ತು, ಒಂಬತ್ತು, ಎಫ್, ಎರಡು."

ಕನ್ನಡಕದಂಗಡಿಯವರು ತಮ್ಮ ಕನ್ನಡಕ ತೆಗೆದು ಅವರನ್ನು ನೋಡಿದರು. ಸರಿಯಾಗಿತ್ತು.

"ಇದನ್ನ ನಾನು ಆಗಲೇ ಬರೆದಿದ್ದೀನಿ ಮೇಡಂ. ಆ ಎರಡು ಸೊನ್ನೆ ಹತ್ರ ನನ್ನ ಹೆಬ್ಬೆರಳು ನೋಯುತ್ತೆ. ಮೂರು ಸಲ ನೋಯ್ತು."

ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. ಹೊಸ ಕೊನೆಯ ಅಧ್ಯಾಯಗಳ ಒಂಬತ್ತು ಸಾಲುಗಳೂ ಬೇರೆ ಬೇರೆ. ಹೊಸ ಮೌನಗಳ ಒಂಬತ್ತು ಸಾಲುಗಳು ಅಕ್ಷರಕ್ಕೆ ಅಕ್ಷರ ಒಂದೇ.

ಇನ್‌ಸ್ಪೆಕ್ಟರ್ ಹುಡುಗಿಗೆ ಫೋನ್ ಮಾಡಿದರು. ಒಂಬತ್ತೂ ಒಂದೇ ಎಂದು ಕೇಳಿ ಅವಳು ಕೂಗಿಯೇಬಿಟ್ಟಳು.

"ನಾನು ನೋಡೇ ಇಲ್ಲ ಮೇಡಂ! ಮಿಷಿನ್ ಹಳೇದಕ್ಕೂ ಹೊಸದಕ್ಕೂ ಹೋಲಿಸಿ 'ಹೊಂದಲಿಲ್ಲ' ಅಂತ ಹೇಳುತ್ತೆ, ಅಷ್ಟೆ. ಆ ಸಾಲನ್ನ ಕಣ್ಣಲ್ಲಿ ಯಾರೂ ಓದಲ್ಲ."

"ಒಂದೇ ಆಗಿದ್ರೆ ಅರ್ಥ?"

"ಒಂದೇ ತುಣುಕು. ಕಾಪಿ. ಎರಡು ನಿಜವಾದ ಮೌನ ಯಾವತ್ತೂ ಒಂದೇ ಇರಲ್ಲ ಮೇಡಂ. ಯಾರೋ ಉಸಿರಾಡಿರ್ತಾರೆ, ಫ್ಯಾನ್ ತಿರುಗಿರುತ್ತೆ. ಯಾವುದೋ ಒಂದು ಮೌನವನ್ನ ತಂದು ಒಂಬತ್ತು ಕಡೆ ಇಟ್ಟಿದ್ದಾರೆ. ಆ ಸಾಲನ್ನ ಪೂರ್ತಿ ಪಟ್ಟೀಲಿ ಹುಡುಕಿ, ಮೂಲ ಸಿಗಬಹುದು."

ಪಂಚರ ಎದುರಿಗೇ ಹುಡುಕಿದರು. ಹನ್ನೊಂದು ಸಾವಿರದಲ್ಲಿ ಒಂದೇ ಒಂದು ಸಿಕ್ಕಿತು: ಇನ್ನೂರ ಹನ್ನೆರಡನೇ ಪುಸ್ತಕ, ಕೊನೆಯ ಅಧ್ಯಾಯದ ಹಿಂದಿನ ಮೌನ. ಮುದ್ರಿಸಿ ಹದಿನೆಂಟು ವರ್ಷವಾಗಿತ್ತು. ಓದಿದವರ ಜಾಗದಲ್ಲಿ, ಬದಲಾದ ಒಂಬತ್ತೂ ಪುಸ್ತಕಗಳನ್ನು ಓದಿದ್ದವರದೇ ಹೆಸರು. ಕೇಳುಗರೆಲ್ಲ ಓದಕ್ಕ ಎಂದು ಕರೆಯುತ್ತಿದ್ದ, ಈಗ ಮಾತಿಲ್ಲದ ಹೆಂಗಸು.

"ಎಲ್ಲಿದ್ದಾರೆ ಅವರು?" ಎಂದು ಕೇಳಿದರು ಇನ್‌ಸ್ಪೆಕ್ಟರ್.

ಗ್ರಂಥಪಾಲಕಿ ಗಾಜಿನ ಕಡೆ ನೋಡಿದರು. ಆಚೆ ಕೋಣೆ ಖಾಲಿಯಿತ್ತು. ಕೆಲಸದ ಹೊತ್ತು ಮುಗಿದಿತ್ತು. "ಕಿವಿಮಾಸ್ತರ ಹೆಂಡತಿ ಅವರು."

ಸಾಕ್ಷಿ ಇನ್ನೂ ಸಾಲದು. ಮೌನವನ್ನು ಯಾರು ಬೇಕಾದರೂ ಕಾಪಿ ಮಾಡಬಹುದಿತ್ತು, ಹುಡುಗಿಯೂ. ಯಂತ್ರದ ದನಿ ಎಂಬ ಮಂಡಳಿಯ ಮಾತು ನಿಂತಿರುವವರೆಗೆ ಅವಳ ಕೆಲಸ ಉಳಿಯುವಂತಿರಲಿಲ್ಲ. ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಇನ್‌ಸ್ಪೆಕ್ಟರ್, ಬದಲಾದ ಅಧ್ಯಾಯವನ್ನು ಎಲ್ಲರಿಗಿಂತ ಮೊದಲು ಕೇಳಿದವರ ಬಳಿ ಹೋದರು. ಕುರ್ಚಿಗೆ ಬೆತ್ತ ಹೆಣೆಯುವ, ಹುಟ್ಟಿನಿಂದ ಕಣ್ಣು ಕಾಣದ ಮುದುಕ. ಗ್ರಂಥಾಲಯಕ್ಕೆ ಫೋನ್ ಮಾಡಿ, ಅಂಬಿಗನನ್ನು ಉಳಿಸಿದ್ದಕ್ಕೆ ಥ್ಯಾಂಕ್ಸ್ ಹೇಳಿದ್ದು ಅವರೇ.

"ಹನ್ನೊಂದು ಸಲ ಕೇಳಿದ್ದೀನಮ್ಮ ಆ ಪುಸ್ತಕ," ಎಂದರು ಅಜ್ಜ, ಬೆರಳುಗಳು ಬೆತ್ತದ ಮೇಲೆ ಓಡುತ್ತಲೇ ಇದ್ದವು. "ಹತ್ತು ಸಲ ಮುಳುಗಿದ. ಹನ್ನೊಂದನೇ ಸಲ ಪುಣ್ಯಾತ್ಮ ದಡಕ್ಕೆ ಬಂದು ಪಂಚೆ ಹಿಂಡ್ಕೊಂಡ. ಆವತ್ತು ನಾನು ಎರಡು ಕುರ್ಚಿ ಜಾಸ್ತಿ ಹೆಣೆದೆ."

"ಅದು ಮಿಷಿನ್ ದನಿ ಅಂತಾರೆ ಅಜ್ಜ."

"ಯಾರಂತಾರೆ? ಅವರಿಗೆ ಕಣ್ಣಿರಬೇಕು." ಅಜ್ಜ ಕೈ ನಿಲ್ಲಿಸಿದರು. "ಓದಕ್ಕನ ಬಾಯಿಂದ ಬಂದ ಮಾತೇ ಅದು. ಆದ್ರೆ ಒಂದೇ ದಿನ ಬಂದ ಮಾತಲ್ಲ. ಕೇಳಿ ನೋಡಿ. 'ದೋಣಿ' ಅನ್ನುವಾಗ ಅವಳಿಗೆ ನೆಗಡಿ ಇದೆ. 'ದಡ' ಅನ್ನುವಾಗ ಇಲ್ಲ. 'ಬಂದ' ಅನ್ನುವಾಗ ಇನ್ನೂ ಚಿಕ್ಕ ವಯಸ್ಸು."

ಇನ್‌ಸ್ಪೆಕ್ಟರ್ ಹೆಣೆಯುವ ಬೆರಳುಗಳನ್ನೇ ನೋಡುತ್ತ ಕೂತರು. ಎಳೆ ಎಳೆಯಾಗಿ, ಎಲ್ಲೆಲ್ಲಿಂದಲೋ ಬಂದ ಬೆತ್ತ ಒಂದು ಆಸನವಾಗುತ್ತಿತ್ತು. ದಡ: ಪುಸ್ತಕ ಎಂಬತ್ತೆಂಟು, ಅಧ್ಯಾಯ ಮೂರು, ಹದಿನಾಲ್ಕನೇ ನಿಮಿಷ.

ಹನ್ನೊಂದಕ್ಕೆ ಖಾನೆಯ ಮೊಹರು ಒಡೆಸಿದರು. ನಾಲ್ಕು ಸಾವಿರದ ಆರುನೂರು ಚೀಟಿ. ಒಂದೊಂದರಲ್ಲೂ ಒಂದು ಪದ, ಮತ್ತು ಓದಕ್ಕ ಅದನ್ನು ಹೇಳಿದ ಜಾಗ. 'ನಗು'ವಿಗೆ ಹದಿನೇಳು ಚೀಟಿ ಇದ್ದವು, ಬೇರೆ ಬೇರೆ ನಗುವಿಗೆ. ಅಂಬಿಗನ ಹೊಸ ಅಧ್ಯಾಯದ ಮೊದಲ ವಾಕ್ಯದ ಆರು ಪದಗಳನ್ನು ಚೀಟಿ ಹಿಡಿದು ಹುಡುಕಿ, ಆರೂ ಕಡೆಯಿಂದ ಆಡಿಸಿ ಕೇಳಿದರು. ನೆಗಡಿ ಸಮೇತ ಹೊಂದಿತು. ಕೈಬರಹ ಕಿವಿಮಾಸ್ತರದು. ಅವರು ಆ ದಿನ ರಜೆ ಹಾಕಿದ್ದರು.

ಸಂಜೆ ನಾಲ್ಕೂವರೆಗೆ ಅವರ ಮನೆ. ಎರಡನೇ ಮಹಡಿ, ಕಿಟಕಿಯಲ್ಲಿ ಬಟ್ಟೆ ಒಣಗುತ್ತಿತ್ತು. ಬಾಗಿಲು ತೆಗೆದ ಹೆಂಗಸಿನ ಕತ್ತಿಗೆ ತೆಳುವಾದ ಶಾಲು, ಅದರ ಕೆಳಗೆ ದಾರಕ್ಕೆ ಕಟ್ಟಿದ ಸ್ಲೇಟು. ಆಕೆ ರೈಟರ್ ಅವರ ಮೀಸೆ ನೋಡಿ ಕಣ್ಣರಳಿಸಿ, ಸ್ಲೇಟಿನ ಮೇಲೆ ಬರೆದು ತೋರಿಸಿದರು: 'ನಿಜವಾದದ್ದೇ?'

"ನಿಜವಾದದ್ದೇ ತಾಯಿ," ಎಂದರು ರೈಟರ್ ನಾಚಿ.

"ನಿಮ್ಮ ಪುಸ್ತಕಗಳ ಕೊನೆ ಬದಲಾಗಿರೋದು ಗೊತ್ತಾ?" ಇನ್‌ಸ್ಪೆಕ್ಟರ್ ಕೇಳಿದರು.

ತಲೆ ಅಡ್ಡಡ್ಡ ಆಡಿತು. ಅವರು ಬರೆದರು: 'ನನ್ನ ದನಿ ನಾನು ಕೇಳುವುದಿಲ್ಲ. ಇವರು ಮನೆಯಲ್ಲಿ ಏನೂ ಹೇಳಿಲ್ಲ.'

ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಯಂತ್ರವಿಟ್ಟು ಅಂಬಿಗನ ಕೊನೆಯ ಅಧ್ಯಾಯ ಹಾಕಿದರು. ಮೊದಲು ಐದು ಸೆಕೆಂಡು. ಮೂರನೇ ಸೆಕೆಂಡಿನಲ್ಲಿ ಯಾರೋ ಉಸಿರು ಹಿಡಿದು, ಮೆಲ್ಲಗೆ ಬಿಟ್ಟರು. ಓದಕ್ಕ ತಟ್ಟನೆ ತಲೆಯೆತ್ತಿದರು. ಆಮೇಲೆ ದನಿ ಬಂತು. ಅಂಬಿಗ ದಡಕ್ಕೆ ಬಂದ, ಪಂಚೆ ಹಿಂಡಿಕೊಂಡ, ಕಾದು ನಿಂತ ಮಗಳಿಗೆ 'ನೀರು ತಣ್ಣಗಿತ್ತು, ಅಷ್ಟೆ' ಎಂದ.

ಓದಕ್ಕನ ಕೈ ಮೊದಲು ಕತ್ತಿಗೆ ಹೋಯಿತು. ಆಮೇಲೆ ಎದ್ದು ಒಳಗೆ ಓಡಿದರು. ಹಿಂದಿರುಗುವಾಗ ಕೈಯಲ್ಲಿ ಒಂದು ನೋಟ್‌ಬುಕ್ಕಿತ್ತು. ತೆರೆದು ಇನ್‌ಸ್ಪೆಕ್ಟರ್ ಮುಂದೆ ಹಿಡಿದರು. ಅವರದೇ ಕೈಬರಹ: 'ನೀರು ತಣ್ಣಗಿತ್ತು, ಅಷ್ಟೆ.' ಮಾತು ಹೋದ ಮೇಲೆ ಹೊತ್ತು ಕಳೆಯಲೆಂದು ಬರೆದುಕೊಂಡ ಕೊನೆಗಳು. ಒಟ್ಟು ಹತ್ತು. ಯಾರಿಗೂ ತೋರಿಸಿದ್ದಲ್ಲ, ಗಂಡನೊಬ್ಬನಿಗೆ ಮಾತ್ರ ಓದಲು ಕೊಟ್ಟದ್ದು.

ಅವರು ನಗತೊಡಗಿದರು. ಭುಜ ಕುಣಿಯಿತು, ಕಣ್ಣಲ್ಲಿ ನೀರು ಬಂತು, ಸದ್ದು ಮಾತ್ರ ಇಲ್ಲ. ರೈಟರ್ ಏನು ಮಾಡಬೇಕೆಂದು ತಿಳಿಯದೆ ತಾವೂ ನಕ್ಕರು. ಓದಕ್ಕ ಸ್ಲೇಟು ಒರೆಸಿ ಬರೆದರು: 'ಐದೂವರೆಗೆ ಬರುತ್ತಾರೆ. ಅಲ್ಲಿಯವರೆಗೆ ಇನ್ನೊಂದು ಹಾಕಿ.'

ತನಿಖಾಧಿಕಾರಿ ಸಾಕ್ಷಿಗೆ ಹೀಗೆ ಕತೆ ಕೇಳಿಸುತ್ತ ಕೂರಬಹುದೆಂದು ಯಾವ ಕೈಪಿಡಿಯಲ್ಲೂ ಇಲ್ಲ. ಇನ್‌ಸ್ಪೆಕ್ಟರ್ ಇನ್ನೊಂದು ಹಾಕಿದರು. ಆಮೇಲೆ ಮತ್ತೊಂದು. ಗಲ್ಲು ತಪ್ಪಿದವನು ಮನೆಗೆ ಬಂದಾಗ ರೈಟರ್ ಮೂಗು ಒರೆಸಿಕೊಂಡದ್ದನ್ನು ಇಬ್ಬರು ಹೆಂಗಸರೂ ನೋಡಿ ನೋಡದಂತೆ ಇದ್ದರು.

ಐದು ಮೂವತ್ತೈದಕ್ಕೆ ಕಿವಿಮಾಸ್ತರು ತರಕಾರಿ ಚೀಲ ಹಿಡಿದು ಬಂದರು. ಬಾಗಿಲಾಚೆಯೇ ನಿಂತರು. ಒಳಗಿನಿಂದ ಹೆಂಡತಿಯ ದನಿ ಬರುತ್ತಿತ್ತು.

"ಅಟ್ಟೆ ಇನ್ನೂ ಹೊಲಿಸಿಲ್ಲ ನೀವು," ಎಂದರು ಒಳಗೆ ಬಂದು.

"ಒಂಬತ್ತೂ ನೀವೇ ಮಾಡಿದ್ದಾ?"

"ನಾನೇ."

"ಯಾವಾಗ?"

"ಊಟದ ಹೊತ್ತಲ್ಲಿ. ಒಂದರಿಂದ ಎರಡು. ಎರಡೂವರೆ ವರ್ಷ. ಒಂಬತ್ತೂ ಆದ ಮೇಲೆ ಹೋದ ತಿಂಗಳು ಒಟ್ಟಿಗೆ ಸೇರಿಸಿದೆ."

"ಆ ಹುಡುಗಿ ಕೆಲಸ ಹೋಗ್ತಾ ಇತ್ತು."

ಮಾಸ್ತರು ಜೇಬಿನಿಂದ ಲಕೋಟೆ ತೆಗೆದು ಮೇಜಿನ ಮೇಲಿಟ್ಟರು. ಮಂಡಳಿಗೆ ಬರೆದ ತಪ್ಪೊಪ್ಪಿಗೆ, ಮಂಗಳವಾರದ ತಾರೀಖು. "ನಾಳೆ ಸಭೇಲಿ ಕೊಡೋಣ ಅಂತಿದ್ದೆ. ಇವತ್ತು ರಜೆ ಹಾಕಿ ಮೊದಲು ಅವಳ ಮನೆಗೆ ಹೋಗಿ ಹೇಳಿ ಬಂದೆ. ಬೈತಾಳೆ ಅಂದ್ಕೊಂಡೆ. 'ನಿಮ್ಮ ಮೌನಕ್ಕೆ ಬೇರೆ ಹ್ಯಾಶ್ ಇರಬೇಕಿತ್ತು ಮಾಸ್ತರೇ, ಒಂದೇ ಹಾಕಿ ಸಿಕ್ಕಿಬಿದ್ರಿ' ಅಂದ್ಳು."

"ಅದೇ ನನ್ನ ಪ್ರಶ್ನೆನೂ. ಹಳೇ ಮೌನ ಹಾಗೇ ಬಿಟ್ಟಿದ್ರೆ ಆಗ್ತಿತ್ತಲ್ಲ?"

"ಆಗಲ್ಲ ಮೇಡಂ." ಮೊದಲ ಸಲ ಅವರ ದನಿ ಗಟ್ಟಿಯಾಯಿತು, ಕಸುಬಿನ ವಿಷಯ ಬಂದಾಗ ಆಗುವಂತೆ. "ಅವು ಸಾವಿನ ಹಿಂದಿನ ಮೌನ. ಓದೋರಿಗೆ ಮುಂದೇನು ಅಂತ ಗೊತ್ತಿರುತ್ತಲ್ಲ, ಅದು ಆ ಐದು ಸೆಕೆಂಡಲ್ಲಿ ಇಳಿದಿರುತ್ತೆ. ಅದರ ಮೇಲೆ ಸಂತೋಷ ಕೂರಲ್ಲ."

"ಇನ್ನೂರ ಹನ್ನೆರಡನೇ ಪುಸ್ತಕದ್ದೇ ಯಾಕೆ?"

ಗಂಡ ಹೆಂಡತಿಯನ್ನು ನೋಡಿದರು. ಓದಕ್ಕ ಆಗಲೇ ಶಾಲಿನ ತುದಿಯನ್ನು ಬಾಯಿಗೊತ್ತಿಕೊಂಡು ನಗುತ್ತಿದ್ದರು.

"ಆವತ್ತು ನಾನು ಗಾಜಿನ ಆಚೆ ಇದ್ದೆ. ನಲವತ್ತೈದು ವರ್ಷ ನನಗೆ, ಅವಳಿಗೆ ನಲವತ್ತು. ಎಷ್ಟೋ ತಿಂಗಳಿಂದ ಧೈರ್ಯ ಸಾಲದೆ ಒದ್ದಾಡ್ತಿದ್ದೆ. ಕೊನೇ ಅಧ್ಯಾಯಕ್ಕೆ ಮುಂಚೆ ಅವಳು ಐದು ಸೆಕೆಂಡ್ ಸುಮ್ಮನೆ ಕೂತಳು ನೋಡಿ, ಅವಳು ಮಾತಾಡೋ ಹಾಗಿಲ್ಲ, ಬೇಡ ಅನ್ನೋ ಹಾಗೂ ಇಲ್ಲ. 'ನನ್ನನ್ನ ಮದುವೆ ಆಗ್ತೀರಾ' ಅಂತ ಹಾಳೇಲಿ ಬರೆದು ಗಾಜಿಗೆ ಹಿಡಿದೆ."

"ಮೂರನೇ ಸೆಕೆಂಡಲ್ಲಿ," ಎಂದರು ಇನ್‌ಸ್ಪೆಕ್ಟರ್.

"ಮೂರನೇ ಸೆಕೆಂಡಲ್ಲಿ. ನಾಲ್ಕರಲ್ಲಿ ತಲೆ ಆಡಿಸಿದಳು. ಅದಕ್ಕಿಂತ ಒಳ್ಳೇ ಮೌನ ಆ ಗ್ರಂಥಾಲಯದಲ್ಲಿ ಇಲ್ಲ ಮೇಡಂ. ನಾನು ಎಲ್ಲಾ ಕೇಳಿದ್ದೀನಿ."

ಐದು ಐವತ್ತಕ್ಕೆ ದಸ್ತಗಿರಿ. ಕೈಗೆ ಬೇಡಿ ಇಲ್ಲ. ತರಕಾರಿ ಚೀಲವೇ ಇತ್ತು. ಓದಕ್ಕ ಚಪ್ಪಲಿ ಮೆಟ್ಟಿಕೊಂಡು, ಯಾರೂ ಕರೆಯದಿದ್ದರೂ, ಮೊದಲು ಜೀಪು ಹತ್ತಿ ಕೂತರು. ಸ್ಲೇಟಿನ ಮೇಲೆ ಬರೆದಿತ್ತು: 'ಜಾಮೀನು ನಾನೇ.'

ಠಾಣೆಯಲ್ಲಿ ಅವರನ್ನು ಗಾಜಿನ ತಡಿಕೆಯಾಚೆ ಬೆಂಚಿನ ಮೇಲೆ ಕೂರಿಸಿ ರೈಟರ್ ಜಾಮೀನು ಪತ್ರ ತಯಾರಿಸಿದರು. ಸುದ್ದಿ ತಿಳಿದು ಬಂದ ಗ್ರಂಥಪಾಲಕಿ ಫೋನಿನಲ್ಲಿ ಮಂಡಳಿಯ ಅಧ್ಯಕ್ಷರಿಗೆ ತಪ್ಪೊಪ್ಪಿಗೆ ಓದಿ ಹೇಳಿದರು. ಅಮಾನತು ಆಗಲೇ ರದ್ದಾಯಿತು. ಆರೂವರೆಗೆ ತಂತ್ರಜ್ಞೆ ಓಡಿ ಬಂದು, ಕಿವಿಮಾಸ್ತರನ್ನು ಒಂದು ಕ್ಷಣ ದುರುಗುಟ್ಟಿ, ಹಳೆಯ ಕೊನೆಗಳನ್ನು ಅವವುಗಳ ಜಾಗಕ್ಕೇ ಹಾಕುವುದಾಗಿಯೂ ಹೊಸ ಒಂಬತ್ತಕ್ಕೆ ಹೊಸ ಸಂಖ್ಯೆಗಳನ್ನು ಕೊಡುವುದಾಗಿಯೂ ತಿಳಿಸಿದಳು.

"ಹತ್ತನೇದು ಬಾಕಿ ಇದೆಯಂತೆ," ಎಂದಳು. "ಅದಕ್ಕೂ ಒಂದು ಸಂಖ್ಯೆ ಹಿಡಿದಿಟ್ಟಿದ್ದೀನಿ. ಈ ಸಲ ಚೀಟಿ ಬರೆದು ಕೊಡಬೇಕು ಮಾಸ್ತರು."

ಕೊನೆಗೆ ಕೇಸ್ ಡೈರಿ ಉಳಿಯಿತು. ರೈಟರ್ ಉದ್ದೇಶದ ಕಾಲಂ ಹತ್ತಿರ ಪೆನ್ನು ಹಿಡಿದು ಕೂತಿದ್ದರು.

"ದುರುದ್ದೇಶ ಅಂತ ಹಾಕಲಾ ಮೇಡಂ? ಮಾಮೂಲಿ ಅದೇ ಬರೆಯೋದು."

ಇನ್‌ಸ್ಪೆಕ್ಟರ್ ಗಾಜಿನಾಚೆಯ ಬೆಂಚಿನ ಕಡೆ ನೋಡಿದರು. ಮನೆಯಿಂದ ಹೊರಡುವ ಮುಂಚೆ ಮಾಸ್ತರು ಒಂದು ಮಾತು ಹೇಳಿದ್ದರು, ಯಾರೂ ಕೇಳದಿದ್ದರೂ. ಮಾತು ಹೋದ ಹೊಸದರಲ್ಲಿ ಅವಳು ಸ್ಲೇಟಿನ ಮೇಲೆ ಬರೆದಿದ್ದಳಂತೆ: ಇಷ್ಟು ವರ್ಷ ನನ್ನ ಬಾಯಿಂದ ಎಷ್ಟು ಜನರನ್ನು ಮುಳುಗಿಸಿದೆ, ಈಗ ಒಬ್ಬರನ್ನೂ ಎತ್ತಲಾರೆ. ಬರೆದು ಒರೆಸಿಬಿಟ್ಟಿದ್ದಳಂತೆ. ಒರೆಸಿದ ಸದ್ದು ತನಗೆ ಇನ್ನೂ ಕೇಳುತ್ತದೆ ಎಂದಿದ್ದರು ಮಾಸ್ತರು.

"ಬರೀರಿ," ಎಂದರು ಇನ್‌ಸ್ಪೆಕ್ಟರ್. "ಆರೋಪಿಯ ಉದ್ದೇಶ: ಹೆಂಡತಿಯ ದನಿಯಲ್ಲಿ ಉಳಿಯುವ ಕೊನೆಯ ಮಾತು ಸಾವಿನದಾಗಬಾರದು ಎಂಬುದು."

ರೈಟರ್ ಬರೆದರು. ಹಿಂದಿನ ದಿನವೆಲ್ಲ ಅರ್ಥವಿಲ್ಲದ ಅಕ್ಷರ ಬರೆದು ನೊಂದ ಕೈ, ಈ ಸಾಲನ್ನು ತಡೆಯದೆ ಬರೆಯಿತು.

ಆಚೆ ಬೆಂಚಿನ ಮೇಲೆ ಓದಕ್ಕ ಸ್ಲೇಟಿನಲ್ಲಿ ಏನನ್ನೋ ಬರೆದು ಗಂಡನ ಮುಂದೆ ಹಿಡಿದರು. ಮಾಸ್ತರು ಓದಿ ತೊಡೆ ತಟ್ಟಿ ನಕ್ಕರು. ಗಾಜಿನ ಈಚೆಗೆ ಕೇಳಿಸಿದ್ದು ಒಬ್ಬರ ನಗು. ಕಂಡದ್ದು ಇಬ್ಬರದು.